ಹೊಲ ಹೋದ ಮೇಲೆ ಉಳಿದ ಮನೆ: ದಕ್ಷಿಣ ಬೆಂಗಳೂರಿನ ಒಕ್ಕಲುಮನೆಗಳ ರಚನೆ ಮತ್ತು ಮಾರ್ಪಾಡು

1. ಪೀಠಿಕೆ

ಬೆಂಗಳೂರಿನ ದಕ್ಷಿಣ ಭಾಗದ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡುವವರಿಗೆ ಎರಡು ಬಗೆಯ ಬೀದಿಗಳು ಕಾಣುತ್ತವೆ. ಜಯನಗರ, ಜಯಪ್ರಕಾಶ ನಗರ, ಬನಶಂಕರಿ ಮೊದಲಾದ ಬಡಾವಣೆಗಳ ರಸ್ತೆಗಳು ಗೆರೆ ಹೊಡೆದಂತೆ ನೇರವಾಗಿ ಸಾಗಿ, ಒಂದನ್ನೊಂದು ಸಮಕೋನದಲ್ಲಿ ಕತ್ತರಿಸುತ್ತವೆ. ಇವುಗಳ ನಡುನಡುವೆ, ಬಟ್ಟೆಗೆ ಹಾಕಿದ ತೇಪೆಯಂತೆ, ಓರೆಕೋರೆಯಾದ ಕಿರಿದಾದ ಓಣಿಗಳ ಗುಂಪುಗಳಿವೆ. ಇವು ಹಳೆಯ ಹಳ್ಳಿಗಳು. ಬೈರಸಂದ್ರ, ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಕದಿರೇನಹಳ್ಳಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿ, ತಾವರೆಕೆರೆ, ಮಡಿವಾಳ ಇವೆಲ್ಲವೂ ಹಿಂದೆ ಸ್ವತಂತ್ರ ಗ್ರಾಮಗಳಾಗಿದ್ದವು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳೆಂಬುದನ್ನು ಅಲ್ಲಿ ವಾಸಿಸುವ ಅನೇಕ ವಿದ್ಯಾರ್ಥಿಗಳೇ ಅರಿಯರು.

ಈ ಊರುಗಳ ಓಣಿಗಳಲ್ಲಿ ಹಳೆಯ ಒಕ್ಕಲುಮನೆಗಳ ಅವಶೇಷಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಒಂದು ಕಡೆ ಹೆಂಚಿನ ಇಳಿಜಾರು, ಇನ್ನೊಂದು ಕಡೆ ಕಾಂಕ್ರೀಟಿನ ಮಹಡಿ, ಮುಂದೆ ಅಂಗಡಿ, ಹಿಂದೆ ಬಾಡಿಗೆಯ ಕೋಣೆಗಳ ಸಾಲು: ಹೀಗೆ ಒಂದೇ ಮನೆಯಲ್ಲಿ ಹಲವು ಕಾಲಗಳು ಬೆರೆತಿರುವುದರಿಂದ, ನೋಡಿದವರು “ಹಳೆಯ ಮನೆ, ಆದರೆ ಕೆಟ್ಟುಹೋಗಿದೆ” ಎಂದು ಹೇಳಿ ಮುಂದೆ ಸಾಗುವುದೇ ವಾಡಿಕೆ. ಈ ಅಭಿಪ್ರಾಯವು ಸರಿಯಲ್ಲವೆಂಬುದೇ ಪ್ರಸ್ತುತ ಲೇಖನದ ವಾದ. ಒಕ್ಕಲುಮನೆಯಲ್ಲಿ ನಡೆದ ಒಂದೊಂದು ಮಾರ್ಪಾಡಿಗೂ ಒಂದೊಂದು ಕಾರಣವಿದೆ; ಆ ಕಾರಣಗಳಲ್ಲಿ ಬಹುಪಾಲು ದಿನಾಂಕ ಸಹಿತ ನಮಗೆ ಗೊತ್ತಿವೆ. ಆದ್ದರಿಂದ ಮಾರ್ಪಾಡುಗಳನ್ನು ಅನುಕ್ರಮವಾಗಿ ಓದಬಲ್ಲವನಿಗೆ ಆ ಮನೆಯೇ ಒಂದು ದಾಖಲೆ. ರೈತಾಪಿ ಕುಟುಂಬಗಳು ಬರೆದಿಟ್ಟ ದಾಖಲೆಗಳು ನಮ್ಮಲ್ಲಿ ವಿರಳವಾಗಿರುವುದರಿಂದ ಈ ದಾಖಲೆಯ ಬೆಲೆ ಇನ್ನೂ ಹೆಚ್ಚು.

2. ಊರಿನ ವಯಸ್ಸು, ಮನೆಯ ವಯಸ್ಸು

ಮೊದಲಿಗೆ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಊರಿನ ಪ್ರಾಚೀನತೆಯನ್ನು ಮನೆಯ ಪ್ರಾಚೀನತೆಯೆಂದು ಭಾವಿಸಲಾಗದು. ಬೆಂಗಳೂರೆಂಬ ಹೆಸರು ಕಾಣಿಸಿಕೊಳ್ಳುವ ಬೇಗೂರಿನ ವೀರಗಲ್ಲಿನ ಶಾಸನವು ಕ್ರಿ.ಶ. 900ರ ಸುಮಾರಿನದು, ಅದು ಗಂಗರ ಕಾಲಕ್ಕೆ ಸೇರಿದ್ದು. ಅಂದರೆ ಕೆಂಪೇಗೌಡನು 1537ರಲ್ಲಿ ಪೇಟೆಯನ್ನು ಕಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದೆಯೇ ಈ ಸೀಮೆಯಲ್ಲಿ ಜನವಸತಿಯಿತ್ತು. ಕೆರೆಗಳು, ವೀರಗಲ್ಲುಗಳು, ಗ್ರಾಮದೇವತೆಯ ಗುಡಿಗಳು ಇದಕ್ಕೆ ಸಾಕ್ಷಿ. ಆದರೆ ಮಣ್ಣಿನ ಗೋಡೆಗೆ ಕಲ್ಲಿನ ಆಯುಸ್ಸಿಲ್ಲ. ಸೂರು ಸೋರಿದರೆ ಗೋಡೆ ಕರಗುತ್ತದೆ. ಗೋಡೆ ಕರಗಿದರೆ ಅದೇ ಮಣ್ಣನ್ನು ಕಲಸಿ ಅದೇ ಅಡಿಪಾಯದ ಮೇಲೆ ಮತ್ತೆ ಎಬ್ಬಿಸುತ್ತಾರೆ. ಹೀಗಾಗಿ ಇಂದು ನಿಂತಿರುವ ಗೋಡೆಗಳಿಗಿಂತ ಮನೆಯ ನಿವೇಶನ ಹಳೆಯದು, ನಿವೇಶನಕ್ಕಿಂತ ಓಣಿ ಹಳೆಯದು, ಓಣಿಗಿಂತ ಊರು ಹಳೆಯದು ಎಂಬ ಕ್ರಮವನ್ನು ಸಾಮಾನ್ಯವಾಗಿ ಒಪ್ಪಬಹುದು. ಹೊಸ್ತಿಲಿನ ಕಲ್ಲು, ತಲೆಬಾಗಿಲಿನ ಚೌಕಟ್ಟು, ಕಂಬಗಳು, ತೊಲೆಗಳು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗುವುದೂ ಉಂಟು. ಬಾಗಿಲ ಚೌಕಟ್ಟು ಹಳೆಯದೆಂದ ಮಾತ್ರಕ್ಕೆ ಮನೆಯೂ ಅಷ್ಟೇ ಹಳೆಯದೆಂದು ನಿರ್ಣಯಿಸುವುದು ಅವಸರವಾದೀತು.

3. ಮೂಲರೂಪ

ಹಳೆಯ ಮೈಸೂರು ಸೀಮೆಯ ಅನುಕೂಲಸ್ಥ ಒಕ್ಕಲಿನ ಮನೆಯನ್ನು ತೊಟ್ಟಿಮನೆ ಎಂದು ಕರೆಯುತ್ತಾರೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಅದರ ನಾಲ್ಕು ಪಕ್ಕಗಳಲ್ಲಿ ಕಂಬಗಳ ಮೇಲೆ ನಿಂತು ಒಳಮುಖವಾಗಿ ಇಳಿಯುವ ಸೂರು. ಆ ಸೂರಿನ ಕೆಳಗೆ ಪಡಸಾಲೆ. ಬೀದಿಯ ಕಡೆ ಜಗಲಿ, ಜಗಲಿಯ ನಡುವೆ ತಲೆಬಾಗಿಲು. ತಲೆಬಾಗಿಲಿನಿಂದ ಹಜಾರ, ಹಜಾರದಿಂದ ತೊಟ್ಟಿ, ತೊಟ್ಟಿಯ ಆಚೆ ನಡುಮನೆ, ನಡುಮನೆಗೆ ಹೊಂದಿಕೊಂಡು ದೇವರಮನೆ ಮತ್ತು ಅಡಿಗೆಮನೆ, ಕೊನೆಗೆ ಬಚ್ಚಲುಮನೆ ಹಾಗೂ ಹಿತ್ತಿಲು. ಬಡ ಒಕ್ಕಲಿಗೆ ತೊಟ್ಟಿಯಿಲ್ಲ. ಒಂದು ಜಗಲಿ, ಒಂದು ನಡುಮನೆ, ಒಂದು ಅಡಿಗೆಯ ಮೂಲೆ ಇಷ್ಟೆ. ಆದ್ದರಿಂದ ತೊಟ್ಟಿಯ ಇರುವಿಕೆಯೇ ಆ ಕುಟುಂಬದ ಸ್ಥಿತಿಗತಿಯ ಮೊದಲನೆಯ ಸೂಚನೆ.

ಈ ರಚನೆಯ ಒಂದೊಂದು ಅಂಗವೂ ಬೇಸಾಯದೊಡನೆ ಹೊಂದಿಕೊಂಡಿತ್ತು. ಎತ್ತು, ಹಸುಗಳನ್ನು ಕಟ್ಟುವ ಕೊಟ್ಟಿಗೆಯು ಅನೇಕ ಮನೆಗಳಲ್ಲಿ ಮನೆಯ ಒಳಗೇ, ತಲೆಬಾಗಿಲಿನ ಒಂದು ಪಕ್ಕಕ್ಕೆ ಇರುತ್ತಿತ್ತು. ಜನರೂ ದನಗಳೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಿದ್ದುದರಿಂದ ತಲೆಬಾಗಿಲು ಅಗಲವಾಗಿತ್ತು, ಕೊಟ್ಟಿಗೆಯ ನೆಲ ತಗ್ಗಾಗಿತ್ತು. ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಪಾಡಲು ಗಟ್ಟಿನೆಲದಲ್ಲಿ ಹಗೇವು ತೋಡುತ್ತಿದ್ದರು. ಬಾಯಿ ಕಿರಿದು, ಒಡಲು ಹಿರಿದು. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದೆ ಧಾನ್ಯ ಉಳಿಯುತ್ತಿತ್ತು. ಬಾಯಿ ತೆರೆದ ಕೂಡಲೆ ಕೆಳಗಿಳಿದರೆ ಕೆಟ್ಟ ಗಾಳಿಯಿಂದ ಪ್ರಾಣಕ್ಕೇ ಅಪಾಯವಿತ್ತು. 1876–78ರ ದೊಡ್ಡ ಬರವನ್ನು ನೆನೆದರೆ, ತುಂಬಿದ ಹಗೇವಿಗೆ ಆ ಕಾಲದಲ್ಲಿ ಎಂತಹ ಬೆಲೆಯಿತ್ತೆಂಬುದು ಅರ್ಥವಾಗುತ್ತದೆ. ದಿನಬಳಕೆಯ ಕಾಳು ಒಳಗಿನ ಮಣ್ಣಿನ ವಾಡೆಗಳಲ್ಲಿರುತ್ತಿತ್ತು. ಸೌದೆ, ಬೇಸಾಯದ ಸಾಮಾನು, ಬಿತ್ತನೆಯ ಬೀಜ ಅಟ್ಟದ ಮೇಲಿರುತ್ತಿದ್ದವು.

ಸಾಮಗ್ರಿಯೂ ಸ್ಥಳೀಯವೇ. ಕೆಮ್ಮಣ್ಣನ್ನು ತುಳಿದು ಕಲಸಿ, ಮುದ್ದೆಗಳನ್ನು ಒಂದರ ಪಕ್ಕಕ್ಕೊಂದು ಒತ್ತಿ, ಒಂದು ವರಸೆ ಒಣಗಿದ ಮೇಲೆ ಮತ್ತೊಂದು ವರಸೆಯನ್ನು ಏರಿಸುತ್ತಿದ್ದರು. ಗೋಡೆಯ ದಪ್ಪ ಬುಡದಲ್ಲಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಮೆ. ಬೆಂಗಳೂರಿನ ನೆಲ ಬಂಡೆಯ ನೆಲ. ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ ಅದೇ ಜಾತಿಯ ಶಿಲೆ ಈ ಹಳ್ಳಿಗಳ ಸುತ್ತಲೂ ಇದ್ದುದರಿಂದ ಅಡಿಪಾಯ, ಮೆಟ್ಟಿಲು, ಹೊಸ್ತಿಲು, ಜಗಲಿಯ ಚಪ್ಪಡಿ, ತೊಟ್ಟಿಯ ಅಂಚು ಎಲ್ಲವೂ ಕಲ್ಲಿನವು. ಸೂರಿಗೆ ಬಿದಿರಿನ ಗಳ, ಅದರ ಮೇಲೆ ಕುಂಬಾರನು ಮಾಡಿದ ಅರೆಗೊಳವೆಯಾಕಾರದ ನಾಡಹೆಂಚು. ಇಲ್ಲವೇ ತೊಲೆ, ಜಂತೆಗಳ ಮೇಲೆ ಮಣ್ಣು ಹರಡಿದ ಮಾಳಿಗೆ. ಬೆಂಗಳೂರಿನ ವರ್ಷದ ಸರಾಸರಿ ಮಳೆ 1000 ಮಿಲಿಮೀಟರಿನ ಒಳಗೇ ಇರುವುದರಿಂದ ಇಷ್ಟು ಸಾಕಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ಮನೆಯನ್ನು ಇಂದು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ, ಅದೂ ತೊಟ್ಟಿಮನೆಯೇ. ಆದರೆ ಮಲೆನಾಡಿನ ಮಳೆಗೆ ತಕ್ಕಂತೆ ಕಡಿದಾದ ಸೂರು, ಧಾರಾಳವಾದ ಮರಗೆಲಸ, ಉಪ್ಪರಿಗೆ ಅಲ್ಲಿ ಉಂಟು. ಬಯಲುಸೀಮೆಯ ಮನೆ ತಗ್ಗು. ಅದರ ಬಲವೆಲ್ಲ ಮಣ್ಣಿನಲ್ಲೂ ಕಲ್ಲಿನಲ್ಲೂ ಇದೆ.

ಬೀದಿಯ ಕಡೆಗೆ ಕಿಟಕಿಯಿಲ್ಲದಿರುವುದು ಈ ಮನೆಗಳ ಇನ್ನೊಂದು ಲಕ್ಷಣ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಬಿಜಾಪುರದವರು, ಮೊಗಲರು, ಮರಾಠರು, ಮೈಸೂರಿನವರು, ಕೊನೆಗೆ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ, ಹೀಗೆ ದಂಡುಗಳು ಮೇಲಿಂದ ಮೇಲೆ ಹಾದುಹೋದ ಸೀಮೆಯಿದು. ಅಂತಹ ಕಾಲದಲ್ಲಿ ಬೀದಿಗೆ ಕುರುಡುಗೋಡೆ, ಒಳಗೆ ತೊಟ್ಟಿಯ ಬೆಳಕು ಎಂಬ ಏರ್ಪಾಡು ಭದ್ರತೆಗೂ ಒದಗುತ್ತಿತ್ತು. ಬೇಸಗೆಯಲ್ಲಿ ತಂಪನ್ನೂ ಕೊಡುತ್ತಿತ್ತು.

4. ಹೆಂಚು ಹೇಳುವ ಕಾಲ

ಮೂಲರೂಪದ ಮೇಲೆ ಬಂದ ಮೊದಲನೆಯ ದೊಡ್ಡ ಮಾರ್ಪಾಡು ಸೂರಿನದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಯಂತ್ರದಿಂದ ಒತ್ತಿದ ಚಪ್ಪಟೆ ಹೆಂಚಿನ ಕಾರ್ಖಾನೆಯನ್ನು ತೆರೆದರು. ಒಂದರೊಳಗೊಂದು ಕೂರುವ ಈ ಹೆಂಚು ನಾಡಹೆಂಚಿಗಿಂತ ಹಗುರವಾದ ಹೊದಿಕೆಯಾಯಿತು. ಕೋತಿ, ಬೆಕ್ಕು ಓಡಾಡಿದರೆ ಸರಿಯುತ್ತಿರಲಿಲ್ಲ. ವರ್ಷವರ್ಷವೂ ಕೈಯಾಡಿಸುವ ಕೆಲಸ ತಪ್ಪಿತು. ಮುಂದೆ ಇದೇ ಮಾದರಿಯ ಹೆಂಚು ಬೇರೆ ಊರುಗಳಲ್ಲೂ ತಯಾರಾದರೂ “ಮಂಗಳೂರು ಹೆಂಚು” ಎಂಬ ಹೆಸರೇ ಉಳಿಯಿತು.

ಚರಿತ್ರೆಯ ವಿದ್ಯಾರ್ಥಿಗೆ ಹೆಂಚು ಬಹಳ ಉಪಯುಕ್ತ ವಸ್ತು. ಏಕೆಂದರೆ ಅದರ ಮೈಮೇಲೆ ತಯಾರಕರ ಹೆಸರು ಅಚ್ಚಾಗಿರುತ್ತದೆ. ಆದರೆ ಅಚ್ಚಿನಲ್ಲಿರುವ ಇಸವಿಯನ್ನು ನಂಬಿ ಮೋಸಹೋಗಬಾರದು. 1865 ಎಂದೋ 1868 ಎಂದೋ ಕಂಡರೆ ಅದು ಆ ಕಾರ್ಖಾನೆ ಸ್ಥಾಪನೆಯಾದ ವರ್ಷ, ಹೆಂಚನ್ನು ಸುಟ್ಟ ವರ್ಷವಲ್ಲ. ಇದಕ್ಕಿಂತ ಹೆಸರೇ ಉತ್ತಮ ಸೂಚಕ. ಮೊದಲನೆಯ ಮಹಾಯುದ್ಧದ ತರುವಾಯ ಬಾಸೆಲ್ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದುದರಿಂದ, ಆ ಟ್ರಸ್ಟಿನ ಹೆಸರುಳ್ಳ ಹೆಂಚು ಯುದ್ಧಾನಂತರದ್ದೆಂದು ನಿಶ್ಚಯಿಸಬಹುದು. ಒಂದೇ ಸೂರಿನಲ್ಲಿ ಮೂರು ನಾಲ್ಕು ಹೆಸರುಗಳು ಬೆರೆತಿದ್ದರೆ ಅದು ದುರಸ್ತಿಗಳ ಪಟ್ಟಿಯಂತೆ. ಅವುಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ಹೆಸರು ಸಾಮಾನ್ಯವಾಗಿ ಮೊದಲ ಹೊದಿಕೆಯದು.

ಹೆಂಚು ಬದಲಾದಾಗ ಅದನ್ನು ಹೊರುವ ಮರವೂ ಬದಲಾಗಬೇಕಾಯಿತು. ಒತ್ತೊತ್ತಾಗಿ ಕಟ್ಟಿದ ಬಿದಿರಿನ ಬದಲು ಸಮಾನ ಅಂತರದಲ್ಲಿ ಮೊಳೆ ಹೊಡೆದ ರೀಪರುಗಳು ಬಂದವು. ಹಳೆಯ ತೊಲೆಗಳ ಮೇಲೆ ಹುರಿ ಬಿಗಿದ ಸವೆತದ ಗುರುತು, ಇಂದು ಉಪಯೋಗದಲ್ಲಿಲ್ಲದ ತೂತುಗಳು, ಗೋಡೆಯ ನೆತ್ತಿಯಲ್ಲಿ ಎರಡು ಮೂರು ವರಸೆ ಇಟ್ಟಿಗೆ ಸೇರಿಸಿ ಎತ್ತರಿಸಿದ ಜಾಗ, ಇವು ಹಿಂದಿನ ಸೂರಿನ ಕುರುಹುಗಳು. ಅಡಿಗೆಮನೆಯ ಮೇಲಿನ ಮರ ಹೊಗೆಯಿಂದ ಕಪ್ಪಾಗಿದ್ದು ಪಕ್ಕದ ಮರ ಬೆಳ್ಳಗಿದ್ದರೆ, ಎರಡೂ ಒಂದೇ ಕಾಲದವಲ್ಲ ಅಥವಾ ಒಲೆಯ ಸ್ಥಾನ ಬದಲಾಗಿದೆ ಎಂದು ತಿಳಿಯಬೇಕು.

5. ಇಂಗ್ಲೆಂಡಿನ ಒಂದು ನಿದರ್ಶನ

ಹೊಗೆಯ ಮಸಿಯಿಂದ ಮನೆಯ ಚರಿತ್ರೆಯನ್ನು ತಿಳಿಯುವ ಈ ಕ್ರಮ ಹೊಸದೇನಲ್ಲ. ಇಂಗ್ಲೆಂಡಿನ ಮಧ್ಯಯುಗದ ರೈತನ ಮನೆಯಲ್ಲಿ ನಡುವೆ ಒಂದು ದೊಡ್ಡ ಹಜಾರವಿದ್ದು, ಅದರ ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು. ಹೊಗೆ ಸೂರಿನ ಸಂದಿಗಳಿಂದ ಹೊರಹೋಗುತ್ತಿತ್ತು. ಹದಿನಾರನೆಯ ಶತಮಾನದಿಂದೀಚೆಗೆ ಇಟ್ಟಿಗೆಯ ಹೊಗೆಗೂಡುಗಳು ಬಂದವು. ಹೊಗೆ ಒಂದು ಕೊಳವೆಗೆ ಸೀಮಿತವಾದ ಕೂಡಲೆ ಹಜಾರದ ಮೇಲೆ ಮಹಡಿ ಹಾಕುವುದು ಸಾಧ್ಯವಾಯಿತು. ಮಹಡಿಗೆ ಮೆಟ್ಟಿಲು, ಕೋಣೆಗಳಿಗೆ ಕಿಟಕಿ ಬಂದವು. ಆದರೂ ಅಟ್ಟ ಹತ್ತಿದರೆ ಹಳೆಯ ಮಸಿ ಹಿಡಿದ ಮರಗಳು ಇಂದಿಗೂ ಕಾಣುತ್ತವೆ. 1570ರಿಂದ 1640ರವರೆಗಿನ ಅವಧಿಯನ್ನು ಗ್ರಾಮೀಣ ಇಂಗ್ಲೆಂಡಿನ ಮಹಾ ಪುನರ್ನಿರ್ಮಾಣದ ಕಾಲವೆಂದು ಡಬ್ಲ್ಯು. ಜಿ. ಹಾಸ್ಕಿನ್ಸ್ ಎಂಬ ಇತಿಹಾಸಕಾರರು 1953ರಲ್ಲಿ ಪ್ರತಿಪಾದಿಸಿದರು. ಆ ಅವಧಿಯನ್ನು ಅಷ್ಟು ಕಟ್ಟುನಿಟ್ಟಾಗಿ ಹೇಳಲಾಗದೆಂದು 1977ರಲ್ಲಿ ಆರ್. ಮಾಚಿನ್ ಆಕ್ಷೇಪಿಸಿದರು. ವಾದವಿವಾದ ಏನೇ ಇರಲಿ, ಸಾಧಾರಣ ರೈತನ ಮನೆಯೂ ಇತಿಹಾಸದ ಆಕರವೆಂಬುದು ಅಲ್ಲಿ ಸ್ಥಿರಪಟ್ಟಿತು.

ಅಲ್ಲಿಯ ಇನ್ನೊಂದು ಪ್ರಸಂಗ ನಮಗೆ ಹೆಚ್ಚು ಹತ್ತಿರವಾದುದು. ಕೆಂಟ್ ಪ್ರಾಂತದಲ್ಲಿ ಜಲಾಶಯವೊಂದನ್ನು ಕಟ್ಟಿದಾಗ ಬೇಲೀಫ್ ಎಂಬ ಹದಿನೈದನೆಯ ಶತಮಾನದ ಒಕ್ಕಲುಮನೆ ಮುಳುಗಡೆಯ ಪ್ರದೇಶಕ್ಕೆ ಸೇರಿತು. ಅದನ್ನು ಬಿಚ್ಚಿ, ಸಸೆಕ್ಸಿನ ಬಯಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿದರು. ಹಾಗೆ ನಿಲ್ಲಿಸುವಾಗ ಮಧ್ಯಯುಗದ ರೂಪವನ್ನು ಆರಿಸಿಕೊಂಡುದರಿಂದ, ನಂತರದ ಕಾಲದ ಮಾರ್ಪಾಡುಗಳು ಕಟ್ಟಡದಲ್ಲಿ ಉಳಿಯಲಿಲ್ಲ. ನಮ್ಮ ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಗ್ರಾಮದಲ್ಲೂ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಇವು ಸ್ತುತ್ಯ ಕಾರ್ಯಗಳೇ. ಆದರೆ ಇಂತಹ ಕಾರ್ಯದಲ್ಲಿ ಮರ ಉಳಿಯುತ್ತದೆ, ನೆಲ ಉಳಿಯುವುದಿಲ್ಲ. ಹಗೇವು, ಬಾವಿ, ಓಣಿಯ ತಿರುವು, ನೆರೆಮನೆಯೊಡನೆ ಹಂಚಿಕೊಂಡ ಗೋಡೆ ಇವನ್ನು ಯಾರೂ ಬಂಡಿಯಲ್ಲಿ ಸಾಗಿಸಲಾರರು. ಮಣ್ಣಿನ ಮನೆಗಂತೂ ಸ್ಥಳಾಂತರವೆಂಬುದೇ ಇಲ್ಲ.

6. ಪ್ಲೇಗು, ಗಾಳಿ, ಬೆಳಕು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ಸಾಗಿಸುವ ಉದ್ದೇಶದಿಂದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡ ವಿಷಯ ಎಲ್ಲರಿಗೂ ತಿಳಿದದ್ದೇ. ಆದರೆ ಮನೆಯ ವಿನ್ಯಾಸದ ಮೇಲೆ ಆದ ಪರಿಣಾಮದ ಕಡೆಗೆ ಅಷ್ಟು ಗಮನ ಹರಿದಿಲ್ಲ. ಗಾಳಿ ಬೆಳಕಿಲ್ಲದ ಮನೆಯೇ ರೋಗದ ಬೀಡು, ಇಲಿಗೆ ಎಡೆಗೊಡುವ ಮಣ್ಣಿನ ನೆಲವೂ ಧಾನ್ಯದ ಮೂಲೆಯೂ ಅಪಾಯಕರ ಎಂಬ ಉಪದೇಶ ಆ ವರ್ಷಗಳಲ್ಲಿ ಹಬ್ಬಿತು. ಬಸವನಗುಡಿಯ ಹೊಸ ಮನೆಗಳಲ್ಲಿ ಬೀದಿಗೆ ಕಿಟಕಿ, ಸುತ್ತ ಬಯಲು, ಬೇರೆಯಾದ ಕೊಟ್ಟಿಗೆ ಕಾಣಿಸಿಕೊಂಡವು. ಯಡಿಯೂರು, ಬೈರಸಂದ್ರದ ಒಕ್ಕಲುಗಳಿಗೆ ಬಸವನಗುಡಿಯು ಹಾಲು, ತರಕಾರಿ ಹೊತ್ತು ನಡೆದು ತಲಪಬಹುದಾದಷ್ಟೇ ದೂರ. ಪಟ್ಟಣದ ಮಾದರಿಯು ಹಳ್ಳಿಗೆ ಸಾಗುವ ದಾರಿ ಅದು.

ಹೀಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕುರುಡುಗೋಡೆಗಳನ್ನು ಕೊರೆದು ಕಬ್ಬಿಣದ ಸರಳಿನ ಕಿಟಕಿಗಳನ್ನು ಇಟ್ಟರು. ದಪ್ಪ ಮಣ್ಣಿನ ಗೋಡೆಯಲ್ಲಿ ತೆಳು ಚೌಕಟ್ಟಿನ ಕಿಟಕಿ ಕಂಡು, ಅದರ ಸುತ್ತ ಇಟ್ಟಿಗೆಯ ತೇಪೆಯಿದ್ದರೆ ಅದು ತರುವಾಯ ಕೊರೆದದ್ದೆಂದು ಅರಿಯಬೇಕು. ದನಗಳು ತಲೆಬಾಗಿಲು ಬಿಟ್ಟು ಹಿತ್ತಿಲಿನ ಪ್ರತ್ಯೇಕ ಕೊಟ್ಟಿಗೆಗೆ ಹೋದವು. ಒಳಗಿನ ತಗ್ಗು ನೆಲವನ್ನು ತುಂಬಿ ಎತ್ತರಿಸಿ ಕೋಣೆ ಮಾಡಿದರು. ಸಗಣಿ ಸಾರಿಸಿದ ನೆಲಕ್ಕೆ ಬದಲು ಗಾರೆಯ ನೆಲ, ಅದರ ಮೇಲೆ ಸಿಮೆಂಟಿನ ಕೆಂಪು ನೆಲ ಬಂದಿತು. ಅನುಕೂಲವುಳ್ಳವರು ಮನೆಯ ಒಂದು ಭಾಗಕ್ಕೆ ಮದರಾಸು ತಾರಸಿ ಹಾಕಿಸಿದರು: ಜಂತೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಜೋಡಿಸಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆಯನ್ನು ದಿನಗಟ್ಟಲೆ ಬಡಿದು ಗಟ್ಟಿಮಾಡುವ ವಿಧಾನವದು, ಗಾರೆಗೆ ಬೆಲ್ಲ, ಅಳಲೆಕಾಯಿಯ ನೀರನ್ನು ಬೆರೆಸುತ್ತಿದ್ದರು. ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದುದು 1905ರಲ್ಲಿ. ಸುತ್ತಲ ಹಳ್ಳಿಗಳಿಗೆ ಅದು ತಲಪಿದ್ದು ಬಹಳ ತಡವಾಗಿ. ಗೋಡೆಯ ದೀಪದ ಗೂಡುಗಳಲ್ಲಿ ಹಿಡಿದ ಎಣ್ಣೆಯ ಮಸಿ ಆ ನಡುವಣ ಕಾಲವನ್ನು ತೋರಿಸುತ್ತದೆ.

7. ಪಾಲಿನ ಗೋಡೆ

ಮನೆಯ ಚರಿತ್ರೆಯಲ್ಲಿ ಅತ್ಯಂತ ಹೆಚ್ಚು ಅರ್ಥವುಳ್ಳ ಗೋಡೆ ಯಾವುದೆಂದರೆ, ನೋಡಲು ಅತ್ಯಂತ ವಿಕಾರವಾಗಿ ಕಾಣುವ ಗೋಡೆ. ತೊಟ್ಟಿಯ ನಟ್ಟನಡುವೆ ಹಾದು, ಎರಡು ಕಂಬಗಳ ನಡುವಣ ಎಡೆಯನ್ನು ಮುಚ್ಚಿ, ನಡುಮನೆಯನ್ನು ಸೀಳಿಕೊಂಡು ಹಿತ್ತಿಲವರೆಗೆ ಸಾಗುವ ಒಂದಿಟ್ಟಿಗೆ ದಪ್ಪದ ಗೋಡೆ ಅನೇಕ ಮನೆಗಳಲ್ಲಿ ಉಂಟು. ಅದು ಅಣ್ಣತಮ್ಮಂದಿರ ಪಾಲಿನ ಗೋಡೆ. ಆ ಗೋಡೆಯಿಂದ ಒಂದು ತಲೆಬಾಗಿಲು ಇದ್ದಲ್ಲಿ ಎರಡಾಗುತ್ತವೆ. ಜಗಲಿಯ ಒಂದು ತುದಿ ಕಡಿದು ಹೊಸ ಮೆಟ್ಟಿಲು ಬರುತ್ತದೆ. ಅಡಿಗೆಮನೆಯಿಲ್ಲದ ಪಾಲಿಗೆ ಹೊಸ ಒಲೆ ಹೂಡುತ್ತಾರೆ. ದೇವರಮನೆ ಮಾತ್ರ ಹಲವೊಮ್ಮೆ ಪಾಲಾಗದೆ ಹಿರಿಯನ ಕಡೆ ಉಳಿದು, ಹಬ್ಬದ ದಿನ ಎಲ್ಲರಿಗೂ ತೆರೆಯುತ್ತದೆ. ಮನೆ ಪಾಲಾಗುವುದು ಒಕ್ಕಲು ಕುಟುಂಬಕ್ಕೆ ಎಷ್ಟು ದೊಡ್ಡ ಘಟನೆಯೆಂಬುದನ್ನು ‘ಕಾನೂರು ಹೆಗ್ಗಡಿತಿ’ (1936) ಕಾದಂಬರಿಯನ್ನು ಓದಿದವರು ಬಲ್ಲರು.

ಈ ಗೋಡೆಗಳಿಗೆ ಕಾನೂನಿನ ಹಿನ್ನೆಲೆಯಿದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಕಾನೂನು ಮಾಡಿ, ಅವಿಭಕ್ತ ಕುಟುಂಬದ ಪಾಲಿನಲ್ಲಿ ಕೆಲವು ಸ್ತ್ರೀಯರಿಗೂ ಅಂಶವನ್ನು ಒದಗಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು, 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ ಇವು ಹೆಣ್ಣುಮಕ್ಕಳ ಹಕ್ಕನ್ನು ಕ್ರಮೇಣ ಗಂಡುಮಕ್ಕಳಿಗೆ ಸಮನಾಗಿಸಿದವು. ಹೊಲವಿದ್ದಷ್ಟು ದಿನ ಪಾಲನ್ನು ಹೊಲದಲ್ಲಿ ಸರಿದೂಗಿಸಬಹುದಾಗಿತ್ತು. ಮನೆಯನ್ನು ಒಬ್ಬರಿಗೆ ಬಿಟ್ಟು ಇನ್ನೊಬ್ಬರು ಹೆಚ್ಚು ಜಮೀನು ಪಡೆಯಬಹುದಾಗಿತ್ತು. ಹೊಲವೇ ಇಲ್ಲದ ಮೇಲೆ ಪಾಲು ಮಾಡಲು ಉಳಿದದ್ದು ಮನೆಯೊಂದೇ. ಪಾಲಿನ ಗೋಡೆಗಳು ಒಂದಾದ ಮೇಲೊಂದು ಎದ್ದುದಕ್ಕೆ ಇದು ಮುಖ್ಯ ಕಾರಣ. ಹೊಲ ಹೋದುದು ಹೇಗೆಂಬುದನ್ನು ಈಗ ನೋಡಬೇಕು.

8. ಬಡಾವಣೆ ಮತ್ತು ಗ್ರಾಮಠಾಣ

ಮೈಸೂರು ಸಂಸ್ಥಾನದಲ್ಲಿ ಕಂದಾಯದ ಅಳತೆ ಮತ್ತು ಬಂದೋಬಸ್ತು 1863ರಲ್ಲಿ ಆರಂಭವಾಯಿತು. ಹೊಲಗದ್ದೆಗಳಿಗೆ ಸರ್ವೆ ನಂಬರುಗಳು ಬಂದವು. ಮನೆಗಳು ನಿಂತ ನೆಲ ಗ್ರಾಮಠಾಣವೆಂದು ನಕ್ಷೆಯಲ್ಲಿ ಬೇರೆಯಾಗಿ ಗುರುತಾಯಿತು. ಆಗ ಅದೊಂದು ಲೆಕ್ಕದ ಗೆರೆ ಮಾತ್ರ. ಸುಮಾರು ಒಂದು ಶತಮಾನ ಕಳೆದ ಮೇಲೆ ಅದೇ ಗೆರೆ ಈ ಊರುಗಳ ಭವಿಷ್ಯವನ್ನು ನಿರ್ಣಯಿಸಿತು.

1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯು ರಚಿತವಾಯಿತು. 1948ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಸ್ತಿಭಾರ ಹಾಕಿದರು. ಜಯಚಾಮರಾಜ ಒಡೆಯರ ಹೆಸರನ್ನು ಅದಕ್ಕೆ ಇಡಲಾಯಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಆ ಮಂಡಲಿಯ ಸ್ಥಾನಕ್ಕೆ ಬಂದು ಬಡಾವಣೆಗಳನ್ನು ಇನ್ನೂ ದಕ್ಷಿಣಕ್ಕೆ ವಿಸ್ತರಿಸಿತು. ಬಡಾವಣೆಗೆ ಬೇಕಾದದ್ದು ಹೊಲ. ಆದ್ದರಿಂದ ಸರ್ವೆ ನಂಬರುಗಳ ಜಮೀನನ್ನು ಸ್ವಾಧೀನಪಡಿಸಿಕೊಂಡು, ಮನೆಗಳಿದ್ದ ಗ್ರಾಮಠಾಣವನ್ನು ಸಾಮಾನ್ಯವಾಗಿ ಹಾಗೆಯೇ ಬಿಟ್ಟರು. ನಕ್ಷೆಯಲ್ಲಿ ಇಂದು ಕಾಣುವ ಓರೆಕೋರೆಯ ಓಣಿಗಳು ಹೀಗೆ ಉಳಿದವು. ಒಕ್ಕಲು ಇದ್ದಲ್ಲೇ ಇದ್ದ. ಅವನ ಒಕ್ಕಲುತನ ಕಾಲ ಕೆಳಗಿನಿಂದ ಜಾರಿತು.

ಇದರ ಪರಿಣಾಮವನ್ನು ಮನೆಯ ಗೋಡೆಗಳಲ್ಲಿ ಸ್ಪಷ್ಟವಾಗಿ ಓದಬಹುದು. ಉಳುವ ನೆಲವಿಲ್ಲವಾದ್ದರಿಂದ ಎತ್ತುಗಳು ಹೋದವು. ಎತ್ತುಗಳು ಹೋದುದರಿಂದ ಕೊಟ್ಟಿಗೆ ಬರಿದಾಯಿತು. ಕೊಟ್ಟಿಗೆಯೆಂದರೆ ಉದ್ದವಾದ ಕಿರಿದಾದ ಕಟ್ಟಡ. ಅದಕ್ಕೆ ಅಡ್ಡಗೋಡೆಗಳನ್ನು ಹಾಕಿ ಒಂದೊಂದಕ್ಕೂ ಒಂದು ಬಾಗಿಲಿಟ್ಟರೆ ಬಾಡಿಗೆಯ ಕೋಣೆಗಳ ಸಾಲು ಸಿದ್ಧ. ಹೊಸ ಬಡಾವಣೆಗಳನ್ನು ಕಟ್ಟಲು ಬಂದ ಕೂಲಿಗಳು, ಗಾರೆಯವರು, ಆಮೇಲೆ ಕಾರ್ಖಾನೆಯ ಕೆಲಸಗಾರರು, ಗುಮಾಸ್ತರು, ವಿದ್ಯಾರ್ಥಿಗಳು ಅಲ್ಲಿ ನೆಲೆಸಿದರು. ಒಂದು ನಲ್ಲಿ, ಒಂದು ಬಚ್ಚಲು, ನಾಲ್ಕಾರು ಸಂಸಾರ: ಬೆಂಗಳೂರಿನ ವಠಾರಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು. ಗೋಡೆಯ ಬುಡದಲ್ಲಿ ದನ ಕಟ್ಟುವ ಕಲ್ಲಿನ ಗೂಟ ಕಂಡರೆ, ಆ ಕೋಣೆಯ ಪೂರ್ವಸ್ಥಿತಿ ತಿಳಿಯಲು ಬೇರೆ ಸಾಕ್ಷಿ ಬೇಡ. ರಾಗಿಯ ಬೆಳೆ ಹೋಗಿ ಬಾಡಿಗೆಯೇ ಬೆಳೆಯಾಯಿತು.

ಉಳಿದ ಅಂಗಗಳೂ ಇದೇ ದಾರಿ ಹಿಡಿದವು. ಕಣದ ಜಾಗದಲ್ಲಿ ಹೊಸ ಮನೆ ಎದ್ದಿತು. ಹಗೇವನ್ನು ಮಣ್ಣು ತುಂಬಿ ಮುಚ್ಚಿದರು. ಮೇಲಿನ ನೆಲ ಅಲ್ಲಲ್ಲಿ ಕುಸಿಯುವುದೇ ಅದರ ಕುರುಹು. ಬೀದಿಯ ಕಡೆಯ ಜಗಲಿ ಅಂಗಡಿಯಾಯಿತು. ತೊಟ್ಟಿಯ ಮೇಲೆ ತಗಡನ್ನೋ ಕಲ್ನಾರಿನ ಹಾಳೆಯನ್ನೋ ಹೊದಿಸಿ ಕೋಣೆ ಮಾಡಿದರು. ಆದರೆ ಮಳೆನೀರು ಹೊರಹೋಗುತ್ತಿದ್ದ ತೂಬು ಗೋಡೆಯ ಬುಡದಲ್ಲಿ ಹಾಗೆಯೇ ಉಳಿದಿರುತ್ತದೆ. ಕೊನೆಗೆ ಒಂದು ಪಾಲಿನವರು ತಮ್ಮ ಭಾಗವನ್ನು ಕೆಡವಿ ಕಾಂಕ್ರೀಟಿನ ಮಹಡಿಗಳನ್ನು ಎಬ್ಬಿಸುತ್ತಾರೆ. ಪಕ್ಕದ ಪಾಲು ಹೆಂಚಿನ ಸೂರಿನ ಕೆಳಗೇ ಇರುತ್ತದೆ. ಅರ್ಧ ಕಡಿದ ತೊಟ್ಟಿಮನೆಯೆಂಬ ವಿಚಿತ್ರ ದೃಶ್ಯಕ್ಕೆ ಇದೇ ಕಾರಣ. ಅದು ಯಾರ ಅಭಿರುಚಿಯ ದೋಷವೂ ಅಲ್ಲ.

9. ದಾಖಲೆ ಮಾಡುವ ಕ್ರಮ

ಇಂತಹ ಮನೆಗಳಿಗೆ ಕಾನೂನಿನ ರಕ್ಷಣೆ ದೊರೆಯುವುದು ಕಷ್ಟ. 1961ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾನೂನು ಕನಿಷ್ಠ 100 ವರ್ಷ ಹಳೆಯದಾದ ರಚನೆಗಳನ್ನು ಕುರಿತದ್ದು. ಗುಡಿ, ಕೋಟೆ, ಅರಮನೆಗಳಿಗೆ ಅದು ತಕ್ಕುದು. ಅರ್ಧ ಮಣ್ಣು, ಅರ್ಧ ಕಾಂಕ್ರೀಟಾದ, ನಾಲ್ಕು ಪಾಲುದಾರರಿರುವ, ಬಾಡಿಗೆಯಿಂದ ಸಂಸಾರ ಸಾಗಿಸುವ ಮನೆಯನ್ನು ಸ್ಮಾರಕವೆಂದು ಘೋಷಿಸಿ ಬದಲಾಯಿಸಕೂಡದೆಂದು ವಿಧಿಸುವುದು ನ್ಯಾಯವೂ ಅಲ್ಲ. ಹೊಲವನ್ನು ಒಮ್ಮೆ ಕಳೆದುಕೊಂಡ ಕುಟುಂಬಕ್ಕೆ ಆ ನಿವೇಶನವೇ ಉಳಿದ ಆಸ್ತಿ. ಮನೆ ಉಳಿಯದಿದ್ದರೂ ಅದರ ವಿವರ ಉಳಿಯುವಂತೆ ಮಾಡುವುದು ಮಾತ್ರ ನಮ್ಮಿಂದ ಸಾಧ್ಯ. ಇದಕ್ಕೆ ದೊಡ್ಡ ವೆಚ್ಚವಾಗಲಿ ವಿಶೇಷ ತರಬೇತಿಯಾಗಲಿ ಬೇಕಿಲ್ಲ.

ಮೊದಲು, ಮನೆಯವರ ಒಪ್ಪಿಗೆ ಪಡೆದು ಅಳತೆಯ ನಕ್ಷೆಯನ್ನು ಬರೆಯಬೇಕು. ಪ್ರತಿಯೊಂದು ಗೋಡೆಯ ದಪ್ಪವನ್ನೂ ಗುರುತಿಸಬೇಕು. ಎರಡಡಿಯ ಮಣ್ಣುಗೋಡೆ, ಒಂದೂವರೆ ಇಟ್ಟಿಗೆಯ ಗೋಡೆ, ಒಂದಿಟ್ಟಿಗೆಯ ಗೋಡೆ ಇವನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿದರೆ ಮನೆಯ ಬೆಳವಣಿಗೆ ಅರ್ಧ ತಾನಾಗಿಯೇ ಕಾಣುತ್ತದೆ. ಎರಡನೆಯದಾಗಿ, ಗೋಡೆಗಳು ಕೂಡುವ ಮೂಲೆಗಳನ್ನು ಪರೀಕ್ಷಿಸಬೇಕು. ಒಂದರೊಳಗೊಂದು ಹೆಣೆದಿದ್ದರೆ ಸಮಕಾಲೀನ. ಒಂದು ಇನ್ನೊಂದಕ್ಕೆ ಒರಗಿ ನಿಂತಿದ್ದರೆ ಒರಗಿದ್ದು ತರುವಾಯದ್ದು. ಮೂರನೆಯದಾಗಿ, ಹೆಂಚಿನ ಹೆಸರು, ತೊಲೆಯ ಗುರುತು, ನೆಲದ ಪದರಗಳನ್ನು ಬರೆದುಕೊಳ್ಳಬೇಕು. ನಾಲ್ಕನೆಯದಾಗಿ, ಮನೆಯ ಹಿರಿಯರನ್ನು, ವಿಶೇಷವಾಗಿ ಆ ಮನೆಗೆ ಸೊಸೆಯಾಗಿ ಬಂದ ಹಿರಿಯ ಹೆಂಗಸರನ್ನು ಕೇಳಬೇಕು. ಒಲೆ ಎಲ್ಲಿತ್ತು, ದನ ಎಲ್ಲಿ ಕಟ್ಟುತ್ತಿದ್ದರು, ಯಾವ ಮದುವೆಗೆ ಮುಂಚೆ ಯಾವ ಕೋಣೆ ಕಟ್ಟಿದರು ಎಂಬುದು ಅವರಿಗೆ ನೆನಪಿರುವಷ್ಟು ಬೇರಾರಿಗೂ ಇರದು. ಕೊನೆಯದಾಗಿ, ಪಾಲುಪತ್ರ, ಕ್ರಯಪತ್ರ, ಖಾತೆಗಳನ್ನು ಮನೆಯವರು ತೋರಿಸಲು ಒಪ್ಪಿದರೆ ಅವುಗಳ ದಿನಾಂಕವನ್ನು ನಕ್ಷೆಯೊಡನೆ ತಾಳೆ ನೋಡಬೇಕು. ಪಾಲುಪತ್ರದಲ್ಲಿ ಬರುವ ಚಕ್ಕುಬಂದಿಯ ವಿವರಗಳಲ್ಲಿ, ಇಂದು ಇಲ್ಲವಾಗಿರುವ ಕಣ, ಬಾವಿ, ಕೊಟ್ಟಿಗೆಗಳ ಹೆಸರುಗಳು ಎಷ್ಟೋ ವೇಳೆ ಉಳಿದಿರುತ್ತವೆ.

10. ಉಪಸಂಹಾರ

ಮೇಲೆ ವಿವರಿಸಿದ ಮಾರ್ಪಾಡುಗಳೆಲ್ಲ ಪ್ರತಿಯೊಂದು ಮನೆಯಲ್ಲೂ ಇದೇ ಕ್ರಮದಲ್ಲಿ ನಡೆದುವೆಂದು ತಿಳಿಯಬಾರದು. ಪೇಟೆಗೆ ಹತ್ತಿರದ ಊರಿನಲ್ಲಿ ಕಿಟಕಿ ಮೊದಲು ಬಂದಿರಬಹುದು, ದೂರದ ಊರಿನಲ್ಲಿ ಪಾಲಿನ ಗೋಡೆ ಮೊದಲು ಬಂದಿರಬಹುದು. ಎಷ್ಟು ಮನೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಉತ್ತರ, ಮನೆಮನೆಯ ನಕ್ಷೆಗಳು ಸಂಗ್ರಹವಾದ ಮೇಲೆಯೇ ದೊರೆಯಬೇಕು. ಈ ಭಾಗದ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಇದೇ ಹಳ್ಳಿಗಳ ಮನೆತನಗಳವರು. ಮತ್ತೆ ಕೆಲವರು ಹಿಂದೆ ಕೊಟ್ಟಿಗೆಯಾಗಿದ್ದ ಕೋಣೆಗಳಲ್ಲಿ ಬಾಡಿಗೆಗಿರುವವರು. ಪ್ರತಿಯೊಂದು ಕಾಲೇಜಿನ ಚರಿತ್ರೆಯ ವಿಭಾಗವೂ ತನಗೆ ಸಮೀಪದ ಒಂದು ಗ್ರಾಮಠಾಣವನ್ನು ಆರಿಸಿಕೊಂಡು, ವರ್ಷಕ್ಕೆ ನಾಲ್ಕೈದು ಮನೆಗಳ ನಕ್ಷೆಯನ್ನು ಬರೆಸಿ ಗ್ರಂಥಾಲಯದಲ್ಲಿ ಇರಿಸಿದರೆ, ಹತ್ತು ವರ್ಷಗಳಲ್ಲಿ ದಕ್ಷಿಣ ಬೆಂಗಳೂರಿನ ಒಕ್ಕಲು ಕುಟುಂಬಗಳ ಚರಿತ್ರೆಗೆ ಭದ್ರವಾದ ಆಕರವೊಂದು ಸಿದ್ಧವಾಗುತ್ತದೆ. ಮನೆಗಳು ಕೆಡವುವವರ ಕೈಗೆ ಒಂದೊಂದಾಗಿ ಹೋಗುತ್ತಿರುವುದರಿಂದ ಈ ಕೆಲಸವನ್ನು ಮುಂದಿನ ವರ್ಷಕ್ಕೆಂದು ಬಿಡುವಂತಿಲ್ಲ.